ಆದಾಯ ದೇಶದ್ದು, ಬಿಲ್ಲು ಯಾರದ್ದು?

ಶ್ರೀಮಂತ ದೇಶಗಳು ಆರೋಗ್ಯಕ್ಕೆ ಹೆಚ್ಚು ಖರ್ಚು ಮಾಡುತ್ತವೆ ಎಂಬುದು ಯಾರಿಗೂ ಹೊಸ ಸುದ್ದಿಯಲ್ಲ. ಎಷ್ಟು ಹೆಚ್ಚು ಎಂಬುದೇ ಅರ್ಥಶಾಸ್ತ್ರಜ್ಞರನ್ನು ಅರ್ಧ ಶತಮಾನ ಕಾಡಿದ ಪ್ರಶ್ನೆ. 1960ರ ದಶಕದಲ್ಲಿ ಬ್ರಿಟನ್ನಿನ ಬ್ರಯಾನ್ ಏಬಲ್-ಸ್ಮಿತ್ ವಿಶ್ವ ಆರೋಗ್ಯ ಸಂಸ್ಥೆಗಾಗಿ ದೇಶದೇಶಗಳ ವೈದ್ಯಕೀಯ ವೆಚ್ಚವನ್ನು ಒಂದೇ ಅಳತೆಗೆ ತರಲು ಹೆಣಗಿದರು. ಗಟ್ಟಿ ಹೋಲಿಕೆಗಳು ಶುರುವಾದದ್ದು ಅಲ್ಲಿಂದ. 1977ರಲ್ಲಿ ಅಮೆರಿಕದ ಜೋಸೆಫ್ ನ್ಯೂಹೌಸ್ 13 ಮುಂದುವರಿದ ದೇಶಗಳ ಅಂಕಿ ಹಿಡಿದು, ತಲಾ ವೈದ್ಯಕೀಯ ವೆಚ್ಚದಲ್ಲಿನ ಅಂತರದ ಶೇ 90ಕ್ಕೂ ಹೆಚ್ಚು ಪಾಲನ್ನು ತಲಾ ಆದಾಯವೊಂದೇ ವಿವರಿಸುತ್ತದೆ ಎಂದರು. ಆದಾಯ ಏರಿದ್ದಕ್ಕಿಂತ ಜೋರಾಗಿ ವೆಚ್ಚ ಏರುತ್ತದೆ, ಅಂದರೆ ಚಿಕಿತ್ಸೆ ಐಷಾರಾಮದ ಸರಕು ಎಂಬುದು ಅವರ ಲೆಕ್ಕದ ತಾತ್ಪರ್ಯ. ಇದಕ್ಕೆ ತಕರಾರು ಬರದೇ ಇರಲಿಲ್ಲ. ಬೇರೆಬೇರೆ ನಾಣ್ಯಗಳನ್ನು ಡಾಲರಿಗೆ ಬದಲಿಸುವ ರೀತಿಯೇ ಉತ್ತರವನ್ನು ತಿರುಚುತ್ತದೆ ಎಂದು 1987ರಲ್ಲಿ ಪಾರ್ಕಿನ್, ಮೆಕ್‌ಗೈರ್ ಮತ್ತು ಯೂಲ್ ತೋರಿಸಿದರು. 2010ರಲ್ಲಿ ಬಾಲ್ಟಾಗಿ ಮತ್ತು ಮೊಸ್ಕೋನೆ 20 ದೇಶಗಳ 1971–2004ರ ಅಂಕಿಗಳಿಂದ, 2013ರಲ್ಲಿ ಅಸೆಮೊಗ್ಲು ತಂಡ ಅಮೆರಿಕದ ದಕ್ಷಿಣ ರಾಜ್ಯಗಳ ತೈಲ ಬೆಲೆ ತಂದ ಆದಾಯದ ಏರಿಳಿತದಿಂದ ಲೆಕ್ಕ ಹಾಕಿದಾಗ, ವೆಚ್ಚ ಆದಾಯದಷ್ಟು ವೇಗವಾಗಿ ಏರುವುದಿಲ್ಲ ಎಂದೇ ಸಿಕ್ಕಿತು.

ಈ ಜಗಳದಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದಾಗಿ ಕಾಣುವುದು 2000ದಲ್ಲಿ ಥಾಮಸ್ ಗೆಟ್ಜೆನ್ ಕೊಟ್ಟ ವಿವರಣೆ: ಚಿಕಿತ್ಸೆ ವ್ಯಕ್ತಿಗೆ ಅಗತ್ಯ, ರಾಷ್ಟ್ರಕ್ಕೆ ಐಷಾರಾಮ. ಹುಬ್ಬಳ್ಳಿ ತಾಲ್ಲೂಕಿನ ಶಿರಗುಪ್ಪಿಯಂಥ ಊರಿನ ರೈತನಿಗೆ ಹೃದಯದ ಕಾಯಿಲೆ ಬರುವುದು ಬೆಳೆಯ ದರ ನೋಡಿಕೊಂಡಲ್ಲ. ಬಿಲ್ಲು ಕಟ್ಟುವವರು ಬೇರೆಯಿದ್ದರೆ ಅವನ ಚಿಕಿತ್ಸೆಯನ್ನು ಕಾಯಿಲೆ ನಿರ್ಧರಿಸುತ್ತದೆ, ಇಲ್ಲವಾದರೆ ಸಾಲ ಸಿಕ್ಕೀತೇ ಎಂಬುದು ನಿರ್ಧರಿಸುತ್ತದೆ. ಒಟ್ಟು ಎಷ್ಟು ಖರ್ಚು ಎಂಬುದನ್ನು ಆದಾಯ ತೀರ್ಮಾನಿಸಬಹುದು, ಆದರೆ ಆ ಖರ್ಚಿನ ಹೊರೆ ಯಾರ ತಲೆಯ ಮೇಲೆ ಎಂಬುದು ರಾಜಕೀಯದ ತೀರ್ಮಾನ. ಹೆಚ್ಚು ಖರ್ಚೆಂದರೆ ಹೆಚ್ಚು ಆಯುಸ್ಸು ಎಂದೂ ಅಲ್ಲ. ಒಟ್ಟು ದೇಶೀಯ ಉತ್ಪನ್ನದ ಸುಮಾರು ಶೇ 17ನ್ನು ಆರೋಗ್ಯಕ್ಕೇ ಸುರಿಯುವ ಅಮೆರಿಕದವರಿಗಿಂತ ಜಪಾನಿನವರು ಹೆಚ್ಚು ಕಾಲ ಬಾಳುತ್ತಾರೆ.

ಬಿಲ್ಲು ಯಾರು ಕಟ್ಟುತ್ತಾರೆ ಎಂಬುದೇ ಮುಖ್ಯ ಎನ್ನುವುದಕ್ಕೆ ಕರ್ನಾಟಕದಲ್ಲೇ ಸಾಕ್ಷ್ಯವಿದೆ. 2003ರಲ್ಲಿ ಸಹಕಾರ ಸಂಘಗಳ ರೈತರಿಗಾಗಿ ಯಶಸ್ವಿನಿ ಆರೋಗ್ಯ ವಿಮಾ ಯೋಜನೆ ಬಂತು. 2010ರಲ್ಲಿ ಬಡತನ ರೇಖೆಗಿಂತ ಕೆಳಗಿನವರ ದೊಡ್ಡ ಕಾಯಿಲೆಗಳಿಗೆ ವಾಜಪೇಯಿ ಆರೋಗ್ಯಶ್ರೀ ಮೊದಲು ಉತ್ತರ ಕರ್ನಾಟಕದಲ್ಲಿ ಜಾರಿಯಾಯಿತು. ಯೋಜನೆ ಇದ್ದ ಮತ್ತು ಇಲ್ಲದ ಭಾಗಗಳ ಗಡಿಯ ಆಚೀಚಿನ 572 ಹಳ್ಳಿಗಳನ್ನು ಹೋಲಿಸಿದ ನೀರಜ್ ಸೂದ್ ಮತ್ತು ಸಂಗಡಿಗರ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಗೆ ಸೇರಿದ ಕಾಯಿಲೆಗಳಿಂದ ಬಡವರು ಸಾಯುವ ಪ್ರಮಾಣ ಯೋಜನೆಯಿದ್ದ ಕಡೆ ಶೇ 64ರಷ್ಟು ಕಡಿಮೆ, ಆಸ್ಪತ್ರೆಗೆ ಸೇರಿದವರ ಕೈಖರ್ಚು ಶೇ 34ರಷ್ಟು ಕಡಿಮೆ. ಆಚೀಚಿನ ಹಳ್ಳಿಗಳ ಬಡತನ ಹೆಚ್ಚುಕಡಿಮೆ ಒಂದೇ, ಬೇರೆಯಿದ್ದದ್ದು ಹಣ ಕಟ್ಟುವ ಏರ್ಪಾಡು.

ಬಡ ಸರ್ಕಾರ ಎಲ್ಲಿಂದ ತರಬೇಕು, ಮೊದಲು ಆದಾಯ ಬೆಳೆಯಲಿ ಎನ್ನುವವರಿದ್ದಾರೆ. ಆ ಮಾತಿನಂತೆ ನಡೆದಿದ್ದರೆ ಮುಂದೆ ಕಿಮ್ಸ್ ಎಂದು ಹೆಸರಾದ ಸರ್ಕಾರಿ ವೈದ್ಯಕೀಯ ಕಾಲೇಜು 1957ರಲ್ಲಿ ಹುಬ್ಬಳ್ಳಿಗೆ ಬರುತ್ತಿರಲಿಲ್ಲ. 1997ರ ಆರ್ಥಿಕ ಕುಸಿತದಿಂದ ಇನ್ನೂ ಚೇತರಿಸಿಕೊಳ್ಳುತ್ತಿದ್ದ ಥಾಯ್ಲೆಂಡ್ 2002ರ ಹೊತ್ತಿಗೆ ಎಲ್ಲ ಪ್ರಜೆಗಳಿಗೂ ಚಿಕಿತ್ಸೆಯ ಭದ್ರತೆ ಕೊಟ್ಟದ್ದೂ ಆದಾಯ ಬೆಳೆಯಲೆಂದು ಕಾಯದೆಯೇ. ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು: ವಿಮಾ ಯೋಜನೆಗಳು ಆಸ್ಪತ್ರೆಗೆ ದಾಖಲಾದವರನ್ನು ನೋಡಿಕೊಳ್ಳುತ್ತವೆ, ಬಿಪಿ, ಸಕ್ಕರೆ ಕಾಯಿಲೆಗೆ ತಿಂಗಳುತಿಂಗಳು ಮಾತ್ರೆ ಕೊಳ್ಳುವವರನ್ನಲ್ಲ. ಇದು ಒಪ್ಪಬೇಕಾದ ಮಾತು. ಜೇಬು ಸೋರುವುದು ಹೆಚ್ಚಾಗಿ ಔಷಧದಂಗಡಿಯಲ್ಲೇ, ಅದನ್ನು ತಡೆಯುವ ಶಕ್ತಿಯಿರುವುದು ಮಾತ್ರೆ ತಪ್ಪದೆ ಸಿಗುವ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ. ಆದರೆ ಈ ಆಕ್ಷೇಪ ಸರ್ಕಾರ ಖರ್ಚು ಹೆಚ್ಚಿಸಬೇಕೆನ್ನುತ್ತದೆಯೇ ಹೊರತು ಕಾಯಬೇಕೆನ್ನುವುದಿಲ್ಲ. ಭಾರತದ ರಾಷ್ಟ್ರೀಯ ಆರೋಗ್ಯ ಲೆಕ್ಕಗಳ ಪ್ರಕಾರ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರ ಕೈಖರ್ಚಿನ ಪಾಲು 2013–14ರ ಶೇ 64.2ರಿಂದ 2021–22ಕ್ಕೆ ಶೇ 39.4ಕ್ಕೆ ಇಳಿದಿದೆ. ಆದರೂ ಇದು ಸಾಲದು: 2025ರೊಳಗೆ ಸರ್ಕಾರಿ ಆರೋಗ್ಯ ವೆಚ್ಚವನ್ನು ಒಟ್ಟು ದೇಶೀಯ ಉತ್ಪನ್ನದ ಶೇ 2.5ಕ್ಕೆ ಏರಿಸುವುದಾಗಿ 2017ರ ಆರೋಗ್ಯ ನೀತಿ ಹೇಳಿತ್ತು. ಕೋವಿಡ್‌ನ ಹೆಚ್ಚುವರಿ ಖರ್ಚೂ ಸೇರಿದ 2021–22ರಲ್ಲೂ ಅದು ಮುಟ್ಟಿದ್ದು ಶೇ 1.84.