ಬಾಸ್ಕೆಟ್‌ಬಾಲ್ ಗಳಿಕೆಯಲ್ಲಿ ಆಟಗಾರರ ಪಾಲು

ಅಮೆರಿಕದಲ್ಲಿ 1946ರಲ್ಲಿ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಹುಟ್ಟುಹಾಕಿದವರು ಬಹುಪಾಲು ಒಳಾಂಗಣ ಕ್ರೀಡಾಂಗಣಗಳ ಮಾಲೀಕರು. ಐಸ್ ಹಾಕಿ ಇಲ್ಲದ ರಾತ್ರಿಗಳಲ್ಲೂ ಟಿಕೆಟ್ ಮಾರಾಟವಾಗಲಿ ಎಂಬುದು ಅವರ ಲೆಕ್ಕಾಚಾರ. 1949ರಲ್ಲಿ ಎದುರಾಳಿ ಲೀಗಿನೊಂದಿಗೆ ಸೇರಿ ಅದು ಎನ್‌ಬಿಎ ಆಯಿತು. ಆಟಗಾರರಿಗೆ ಸಂಬಳವಿತ್ತು, ಗಳಿಕೆಯಲ್ಲಿ ಪಾಲಿರಲಿಲ್ಲ. ಆಟಗಾರ ಬಾಬ್ ಕೌಸಿ 1954ರಲ್ಲಿ ಆಟಗಾರರ ಸಂಘ ಕಟ್ಟಿದರೂ ಮಾಲೀಕರು ಸುಲಭಕ್ಕೆ ಜಗ್ಗಲಿಲ್ಲ.

ಅವರು ಜಗ್ಗಿದ್ದು 1964ರ ಜನವರಿ 14ರ ರಾತ್ರಿ. ಬಾಸ್ಟನ್ ಗಾರ್ಡನ್‌ನಲ್ಲಿ ಆಲ್‌ಸ್ಟಾರ್ ಪಂದ್ಯ, ಎಬಿಸಿ ವಾಹಿನಿಯ ನೇರ ಪ್ರಸಾರ. ಬಿಲ್ ರಸೆಲ್, ಆಸ್ಕರ್ ರಾಬರ್ಟ್‌ಸನ್, ಜೆರ್ರಿ ವೆಸ್ಟ್ ಮೊದಲಾದವರು ಡ್ರೆಸ್ಸಿಂಗ್ ರೂಮ್ ಬಿಟ್ಟು ಕದಲಲಿಲ್ಲ. ಪಿಂಚಣಿಯ ಮಾತು ಕೊಡುವ ತನಕ ಆಡುವುದಿಲ್ಲ ಎಂದರು. ಲೇಕರ್ಸ್ ತಂಡದ ಮಾಲೀಕ ತನ್ನ ಇಬ್ಬರು ತಾರೆಯರಿಗೆ ಬೆದರಿಕೆ ಹೇಳಿಕಳಿಸಿದ. ಅದರಿಂದ ಹಟ ಇನ್ನಷ್ಟು ಗಟ್ಟಿಯಾಯಿತು. ಪ್ರಸಾರ ಕೈತಪ್ಪುವ ಭಯದಲ್ಲಿ ಲೀಗಿನ ಮುಖ್ಯಸ್ಥ ವಾಲ್ಟರ್ ಕೆನಡಿ ಬಾಗಿಲಿಗೆ ಬಂದು ಮಾತು ಕೊಟ್ಟ ಮೇಲಷ್ಟೇ ಪಂದ್ಯ ಶುರುವಾದದ್ದು. ಟಿ.ವಿ. ಇಲ್ಲದಿದ್ದರೆ ಆ ಹಟ ಗೆಲ್ಲುತ್ತಿರಲಿಲ್ಲ ಎಂದೇ ನನಗನ್ನಿಸುತ್ತದೆ.

ಮುಂದಿನ ಹೋರಾಟ ನ್ಯಾಯಾಲಯದಲ್ಲಿ. ಒಪ್ಪಂದ ಮುಗಿದರೂ ಆಟಗಾರನನ್ನು ಅದೇ ತಂಡಕ್ಕೆ ಕಟ್ಟಿಹಾಕುವ ಪದ್ಧತಿಯ ವಿರುದ್ಧ ರಾಬರ್ಟ್‌ಸನ್ 1970ರಲ್ಲಿ ದಾವೆ ಹೂಡಿದರು. 1976ರಲ್ಲಿ ರಾಜಿಯಾಗಿ ಆ ಕಟ್ಟು ಸಡಿಲವಾಯಿತು. ಅದೇ ವರ್ಷ ಪ್ರತಿಸ್ಪರ್ಧಿ ಎಬಿಎ ಲೀಗಿನ 4 ತಂಡಗಳು ಎನ್‌ಬಿಎ ಸೇರಿದವು. ಹೊರಗುಳಿದ ಸೇಂಟ್ ಲೂಯಿಸ್ ತಂಡದ ಮಾಲೀಕರಾದ ಸಿಲ್ನಾ ಸಹೋದರರು ಪರಿಹಾರದ ಜೊತೆಗೆ ಇನ್ನೊಂದು ಷರತ್ತು ಬರೆಸಿಕೊಂಡರು: ಆ ನಾಲ್ಕು ತಂಡಗಳ ಟಿ.ವಿ. ಆದಾಯದಲ್ಲಿ ಏಳನೇ ಒಂದು ಭಾಗ, ಲೀಗ್ ಇರುವವರೆಗೂ. ಆಗ ಟಿ.ವಿ. ಹಣ ಚಿಲ್ಲರೆ ಕಾಸು, ಆಮೇಲೆ ಅದು ಬೆಳೆಯಿತು. 2014ರಲ್ಲಿ ಈ ಹೊರೆಯ ಬಹುಪಾಲು ಇಳಿಸಿಕೊಳ್ಳಲು ಎನ್‌ಬಿಎ 50 ಕೋಟಿ ಡಾಲರ್ ತೆರಬೇಕಾಯಿತು. ಚೆಂಡನ್ನೇ ಮುಟ್ಟದವರಿಗೆ ಇಷ್ಟು ಸಂದಿದೆ ಎಂದರೆ ಆಟಗಾರರ ಬೇಡಿಕೆಯನ್ನು ದುರಾಸೆ ಎನ್ನುವುದು ಅನ್ಯಾಯ.

ಆದರೆ ನಡುವೆ ಕಷ್ಟದ ದಿನಗಳೂ ಇದ್ದವು. 1980ರ ಫೈನಲ್ಸ್‌ನ ನಿರ್ಣಾಯಕ ಪಂದ್ಯವನ್ನು ಸಿಬಿಎಸ್ ವಾಹಿನಿ ಮುದ್ರಿಸಿಕೊಂಡು ದೇಶದ ಹೆಚ್ಚಿನ ಕಡೆ ತಡರಾತ್ರಿ ತೋರಿಸಿತು. ಮ್ಯಾಜಿಕ್ ಜಾನ್ಸನ್ ಹೊಡೆದ 42 ಅಂಕಗಳನ್ನು ನೇರವಾಗಿ ಕಂಡವರು ಕಡಿಮೆ. ತಂಡಗಳು ನಷ್ಟದಲ್ಲಿದ್ದಾಗ 1983ರಲ್ಲಿ ಸಂಘವೂ ಲೀಗೂ ಕೂತು ಒಪ್ಪಂದ ಮಾಡಿಕೊಂಡವು: ತಂಡದ ಸಂಬಳಕ್ಕೆ ಮಿತಿ, ಪ್ರತಿಯಾಗಿ ಆದಾಯದ ಶೇಕಡಾ 53 ಆಟಗಾರರಿಗೆ. ಮೊದಲ ಮಿತಿ 36 ಲಕ್ಷ ಡಾಲರ್. ಈ ಇತಿಹಾಸದಲ್ಲಿ ನನಗೆ ಅತಿ ಮುಖ್ಯವೆನಿಸುವ ಕಾಗದ ಇದೇ, ಪಾಲು ಎಂಬುದು ಮೊದಲ ಬಾರಿ ಅಂಕಿಯಾಗಿ ಬರೆಯಲ್ಪಟ್ಟದ್ದು ಅಲ್ಲಿ. 1984ರಲ್ಲಿ ಶೂ ಕಂಪನಿ ನೈಕಿ ಜೊತೆ ಸೇರಿದ ಮೈಕೇಲ್ ಜೋರ್ಡನ್ ಸಂಬಳದ ಆಚೆಗೂ ದಾರಿ ತೋರಿದರು.

ಪಾಲಿನ ಜಗಳದಲ್ಲಿ 1998 ಮತ್ತು 2011ರಲ್ಲಿ ಮಾಲೀಕರು ಲೀಗಿಗೆ ಬೀಗಮುದ್ರೆ ಹಾಕಿದರು. ಎರಡನೆಯದರ ನಂತರ ಆಟಗಾರರ ಪಾಲು ಆದಾಯದ ಸುಮಾರು ಅರ್ಧದಷ್ಟಕ್ಕೆ ಇಳಿಯಿತು. 2025–26ರಿಂದ ಜಾರಿಗೆ ಬಂದ 11 ವರ್ಷಗಳ ಪ್ರಸಾರ ಒಪ್ಪಂದದ ಮೌಲ್ಯ ಸುಮಾರು 7,600 ಕೋಟಿ ಡಾಲರ್.

ಮಹಿಳೆಯರ ಲೀಗಾದ ಡಬ್ಲ್ಯುಎನ್‌ಬಿಎ ಬೇರೆಯೇ ಹಾದಿಯಲ್ಲಿದೆ. 2024ರಲ್ಲಿ ಕ್ರೀಡಾಂಗಣಗಳನ್ನು ತುಂಬಿಸಿದ ಆಟಗಾರ್ತಿ ಕೇಟ್ಲಿನ್ ಕ್ಲಾರ್ಕ್ ಅವರ ಮೊದಲ ವರ್ಷದ ಸಂಬಳ 76,535 ಡಾಲರ್. 2025ರ ಜುಲೈನಲ್ಲಿ ಇಂಡಿಯಾನಾಪೊಲಿಸ್‌ನ ಆಲ್‌ಸ್ಟಾರ್ ಪಂದ್ಯಕ್ಕೆ ಮುನ್ನ ಆಟಗಾರ್ತಿಯರೆಲ್ಲ ತಮಗೆ ಸಲ್ಲಬೇಕಾದ್ದನ್ನು ಕೊಡಿ ಎಂದು ಬರೆದ ಕಪ್ಪು ಅಂಗಿ ತೊಟ್ಟು ಅಂಕಣಕ್ಕೆ ಬಂದರು.