ಸ್ವಿಫ್ಟ್ ಕಾರಿನ ನಾಲ್ಕು ತಲೆಮಾರು

ನಮ್ಮ ಕಲ್ಮಲದಿಂದ ಮಾನ್ವಿ, ಸಿಂಧನೂರು ಕಡೆ ಹೋಗುವ ರಸ್ತೆಯಲ್ಲಿ ಸ್ವಿಫ್ಟ್ ಕಾರಿನ ಎಲ್ಲ ತಲೆಮಾರುಗಳೂ ಓಡಾಡುತ್ತವೆ. ನನಗಂತೂ ಈ ಕಾರೆಂದರೆ ಮೊದಲಿನಿಂದಲೂ ಇಷ್ಟ. ಹಾಗಂತ ಬರೀ ಹೊಗಳೋದಿಲ್ಲ ಬಿಡಿ :-)

ಸ್ವಿಫ್ಟ್ ನಮ್ಮ ದೇಶಕ್ಕೆ ಬಂದದ್ದು 2005ರ ಮೇ ತಿಂಗಳಲ್ಲಿ. ಹೆಸರು ಮಾತ್ರ ಇನ್ನೂ ಹಳೆಯದು. ಸುಜುಕಿ 1983ರಲ್ಲಿ ಜಪಾನಿನಲ್ಲಿ ಹೊರತಂದ ಕಲ್ಟಸ್ ಕಾರನ್ನು ಹೊರದೇಶಗಳಲ್ಲಿ ಸ್ವಿಫ್ಟ್ ಅಂತ ಮಾರುತ್ತಿದ್ದರು. ಅದರ ಸೆಡಾನ್ ರೂಪವೇ 1990ರಲ್ಲಿ ನಮ್ಮಲ್ಲಿ ಮಾರುತಿ 1000 ಆಯ್ತು, ಆಮೇಲೆ ಎಸ್ಟೀಮ್ ಆಯ್ತು. 2005ರ ಸ್ವಿಫ್ಟಿಗೆ ಕೂರಿಸಿದ್ದೂ ಎಸ್ಟೀಮಿನ 1.3 ಲೀಟರ್ ಪೆಟ್ರೋಲ್ ಎಂಜಿನ್ನೇ. ಹೊಸ ಮೈ, ಹಳೆಯ ಗುಂಡಿಗೆ!

2007ರಲ್ಲಿ ಡೀಸೆಲ್ ಬಂದ ಮೇಲೆ ಕತೆಯೇ ಬೇರೆ. ಆ 1248 ಸಿಸಿ ಎಂಜಿನ್ನಿನ ಮೂಲ ಸುಜುಕಿಯಲ್ಲ, ಇಟಲಿಯ ಫಿಯಟ್. ಆಗ ಡೀಸೆಲ್ ಬೆಲೆ ಪೆಟ್ರೋಲಿಗಿಂತ ಎಷ್ಟೋ ಕಡಿಮೆ. ದಿನಾ ದೂರ ಓಡಾಡುವವರಿಗೆ ಲೆಕ್ಕ ಸರಿಹೋಯ್ತು. ತೆರಿಗೆಯ ಆಟವೂ ಇತ್ತು. ನಾಲ್ಕು ಮೀಟರ್ ಮೀರದ, 1200 ಸಿಸಿಯೊಳಗಿನ ಪೆಟ್ರೋಲ್ ಅಥವಾ 1500 ಸಿಸಿಯೊಳಗಿನ ಡೀಸೆಲ್ ಕಾರುಗಳಿಗೆ 2006ರ ಬಜೆಟ್ಟಿನಲ್ಲಿ ಅಬಕಾರಿ ಸುಂಕವನ್ನು ಶೇ. 24ರಿಂದ 16ಕ್ಕೆ ಇಳಿಸಿದ್ದರು. ಡೀಸೆಲ್ ಸ್ವಿಫ್ಟಿಗೆ ಇದು ಸಿಕ್ಕಿತು, 1.3 ಪೆಟ್ರೋಲಿಗೆ ಸಿಗಲಿಲ್ಲ. 2010ರಲ್ಲಿ ಪೆಟ್ರೋಲ್ ಎಂಜಿನ್ 1.2 ಲೀಟರಿಗೆ ಇಳಿದದ್ದು ಸುಮ್ಮನೆ ಅಲ್ಲ.

ಎರಡನೇ ತಲೆಮಾರು ಬಂದದ್ದು 2011ರಲ್ಲಿ. ನೋಡಲು ಹೆಚ್ಚೇನೂ ಬದಲಾಗಲಿಲ್ಲ. ಡಿಕ್ಕಿ ಬರೀ 204 ಲೀಟರ್. ಒಂದು ಅಕ್ಕಿ ಚೀಲ ಇಟ್ಟರೆ ಮುಗೀತು. 2018ರ ಮೂರನೆಯದರಲ್ಲಿ ಅದು 268 ಲೀಟರ್ ಆಯ್ತು. 2020ರ ಏಪ್ರಿಲ್‌ನಲ್ಲಿ ಬಿಎಸ್6 ನಿಯಮ ಬಂದಾಗ ಡೀಸೆಲ್ ನಿಂತೇ ಹೋಯಿತು. 2024ರ ಮೇನಲ್ಲಿ ಬಂದ ನಾಲ್ಕನೆಯದಕ್ಕೆ ಮೂರೇ ಸಿಲಿಂಡರ್.

ನನಗೆ ಬೇಸರ ತರುವ ವಿಷಯ ಬೇರೆ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಏರ್‌ಬ್ಯಾಗ್ ಇಲ್ಲದ ಸ್ವಿಫ್ಟನ್ನು ಡಿಕ್ಕಿ ಹೊಡೆಸಿ ನೋಡಿದಾಗ ದೊಡ್ಡವರ ಸುರಕ್ಷತೆಗೆ ಸಿಕ್ಕಿದ್ದು ಸೊನ್ನೆ ಸ್ಟಾರ್. 2018ರಲ್ಲಿ ಎರಡು ಏರ್‌ಬ್ಯಾಗ್ ಇದ್ದೂ ಎರಡೇ ಸ್ಟಾರ್. ನಿಯಮ ಬಿಗಿಯಾದ ಮೇಲೆ, 2022ರಲ್ಲಿ ಒಂದೇ! ಮೈಲೇಜ್ ಎಷ್ಟು ಅಂತ ಕೇಳುವ ನಾವು ಇದನ್ನು ಕೇಳಲೇ ಇಲ್ಲವಲ್ಲ. 2024ರ ಕಾರಿಗೆ ಕಡಿಮೆ ಬೆಲೆಯ ಮಾದರಿಯಲ್ಲೂ ಆರು ಏರ್‌ಬ್ಯಾಗ್ ಕೊಟ್ಟರು.

ಆದರೆ ಹಳೆಯ ಡೀಸೆಲ್ ಗಾಡಿಗಳು ಇನ್ನೂ ಗಟ್ಟಿಯಾಗಿ ಓಡುತ್ತಿವೆ, ಕೈಯಿಂದ ಕೈಗೆ ಮಾರಾಟವಾಗುತ್ತಿವೆ. 2018ಕ್ಕಿಂತ ಹಿಂದಿನ ಸೆಕೆಂಡ್ ಹ್ಯಾಂಡ್ ಸ್ವಿಫ್ಟ್ ನೋಡುತ್ತಿರುವವರು ಬಾನೆಟ್ ಎತ್ತುವ ಮೊದಲು ಅದರಲ್ಲಿ ಏರ್‌ಬ್ಯಾಗ್ ಇದೆಯಾ ಅಂತ ಕೇಳಿಬಿಡಿ.