ಇಚಲಕರಂಜಿಯ ನೇಕಾರರು, ಗಾಂಧಿನಗರದ ಸಿಂಧಿಗಳು



ಗಡಹಿಂಗ್ಲಜ, ಸಂಕೇಶ್ವರ, ನಿಪ್ಪಾಣಿ ಕಡೆಯ ಮನೆಗಳಲ್ಲಿ ಮದುವೆ ನಿಶ್ಚಯವಾಯಿತೆಂದರೆ ಮೊದಲು ಏಳುವ ಮಾತು ಜವಳಿಯದು. ನಮ್ಮ ಗಡಿಯ ಮಾತಿನಲ್ಲಿ ಅದಕ್ಕೆ ‘ಬಸ್ತಾ’ ಎನ್ನುತ್ತಾರೆ. ಬಸ್ತಾ ಎಲ್ಲಿ ತೆಗೆಯೋಣ ಎಂದು ಕೇಳಿದರೆ ಬಹಳ ಮನೆಗಳವರು ಕೊಲ್ಲಾಪುರದ ಹತ್ತಿರದ ಗಾಂಧಿನಗರದ ಹೆಸರು ಹೇಳುತ್ತಾರೆ. ಅಲ್ಲಿ ಅಂಗಡಿಕಾರರು ಹೆಚ್ಚಾಗಿ ಸಿಂಧಿಗಳು. ಜವಳಿ ಮುಗಿಸಿ ಗಂಟು ಕಟ್ಟಿಕೊಂಡು ಹೊರಬೀಳುವಾಗ ಯಾರಾದರೊಬ್ಬರು ಅನ್ನುವುದುಂಟು: “ನೋಡ್ರಿ, ಇವರು ಬರಿಗೈಲೆ ಬಂದವರು. ಹ್ಯಾಂಗ ಮ್ಯಾಲೆ ಬಂದ್ರು! ನಮ್ಮ ಇಚಲಕರಂಜಿ ನೇಕಾರರು ಇವರಿಗಿಂತ ಮೊದಲ ಬಂದ್ರೂ ಇನ್ನೂ ಮಗ್ಗದ ಮುಂದ ನಿಂತಾರ.”

ಈ ಮಾತನ್ನು ನಾನು ಬ್ಯಾಂಕಿನ ಕೌಂಟರಿನ ಹೊರಗೂ ಕೇಳಿದ್ದೇನೆ, ಒಳಗೂ ಕೇಳಿದ್ದೇನೆ. ಸಿಂಧಿಯನ್ನು ಹೊಗಳುವ ನೆಪದಲ್ಲಿ ನಮ್ಮ ನೇಕಾರನಿಗೆ ಸೋಮಾರಿ, ಕುಡುಕ, ವ್ಯವಹಾರ ತಿಳಿಯದವನು ಎಂಬ ಹೆಸರು ಅಂಟಿಸುವ ಮಾತು ಇದು. ಎರಡೂ ಜನಾಂಗಗಳು ಬೇರೆ ಕಡೆಯಿಂದ ಬಂದವು, ಎರಡೂ ಬಟ್ಟೆಯನ್ನೇ ನಂಬಿ ಬದುಕಿದವು. ಎರಡರ ಮನೆಮಾತೂ ಮರಾಠಿ ಅಲ್ಲ. ಹೀಗಾಗಿ ಹೋಲಿಸುವುದು ಸಹಜವೇ. ಆದರೆ ಹೋಲಿಸುವ ಮೊದಲು ಯಾರು ಯಾವ ಸ್ಥಿತಿಯಲ್ಲಿ ಬಂದರು ಎಂಬುದನ್ನು ನೋಡಬೇಕು.

ಮೊದಲು ಬಂದವರು ನೇಕಾರರು. ಇಚಲಕರಂಜಿ ಆಗ ಕೊಲ್ಲಾಪುರ ಸಂಸ್ಥಾನದ ಕೈಕೆಳಗಿನ ಘೋರ್ಪಡೆ ಮನೆತನದ ಜಹಗೀರು. 1892ರಿಂದ 1943ರವರೆಗೆ ಆಳಿದ ನಾರಾಯಣರಾವ್ ಬಾಬಾಸಾಹೇಬ ಘೋರ್ಪಡೆಯವರು ಉದ್ಯಮಕ್ಕೆ ಬೆನ್ನು ಕೊಟ್ಟವರು. 1904ರಲ್ಲಿ ವಿಠ್ಠಲರಾವ್ ದಾತಾರ ಅವರು ಅಲ್ಲಿ ಮೊದಲ ವಿದ್ಯುತ್ ಮಗ್ಗ ಹೂಡಿದರು. ಮಗ್ಗಗಳು ಹೆಚ್ಚಿದಂತೆ ಕೈಕಸಬು ಬಲ್ಲವರ ಅಗತ್ಯ ಬಿತ್ತು. ಕೃಷ್ಣಾ, ಘಟಪ್ರಭಾ ನದಿಗಳ ನಡುವಿನ ರಬಕವಿ, ಬನಹಟ್ಟಿ, ತೇರದಾಳ, ಮಹಾಲಿಂಗಪುರ ಕಡೆಯ ಕೈಮಗ್ಗದ ಮನೆಗಳಿಂದ ಜನ ಬಂದರು. ಅವರಲ್ಲಿ ದೇವಾಂಗದವರಿದ್ದರು, ಹಟಗಾರರಿದ್ದರು, ಲಿಂಗಾಯತ ನೇಕಾರರಿದ್ದರು. ಮರಾಠಿಯವರು ಇವರೆಲ್ಲರನ್ನೂ ಸೇರಿಸಿ ‘ಕೋಷ್ಟಿ’ ಎಂದರು. ತೇರದಾಳ, ರಬಕವಿ ಸಾಂಗಲಿ ಸಂಸ್ಥಾನದಲ್ಲಿದ್ದವು. ಬನಹಟ್ಟಿ ಜಮಖಂಡಿಯಲ್ಲಿ, ಮಹಾಲಿಂಗಪುರ ಮುಧೋಳದಲ್ಲಿ. ಒಬ್ಬ ರಾಜನ ಊರಿನಿಂದ ಇನ್ನೊಬ್ಬ ರಾಜನ ಊರಿಗೆ ಬಂದ ಇವರನ್ನು ಯಾರೂ ವಲಸಿಗರೆಂದು ಬರೆದುಕೊಳ್ಳಲಿಲ್ಲ. ಹೊಟ್ಟೆಪಾಡಿಗೆ ಬಂದರು, ಬಾಡಿಗೆ ಕೋಣೆ ಹಿಡಿದರು, ಅಷ್ಟೇ.

ಸಿಂಧಿಗಳು ಬಂದ ರೀತಿ ಬೇರೆ. ಸಿಂಧ ಪ್ರಾಂತವು 1936ರ ಏಪ್ರಿಲ್ 1ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರಗಳ ಹಾಗೆಯೇ ಮುಂಬಯಿ ಇಲಾಖೆಯ ಭಾಗವಾಗಿತ್ತು ಎಂಬುದನ್ನು ಇಂದಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ. 1947ರಲ್ಲಿ ದೇಶ ಒಡೆಯಿತು. 1948ರ ಜನವರಿ 6ರಂದು ಕರಾಚಿಯಲ್ಲಿ ದಂಗೆಯಾದ ಮೇಲೆ ಅಲ್ಲಿಯ ಹಿಂದೂಗಳು ಹಡಗು ಹತ್ತಿ ಮುಂಬಯಿ, ಗುಜರಾತ ಬಂದರುಗಳಿಗೆ ಬಂದಿಳಿದರು. ಸರಕಾರ ಅವರನ್ನು ಯುದ್ಧಕಾಲದ ಖಾಲಿ ಛಾವಣಿಗಳಿಗೆ ಹಂಚಿತು. ಕಲ್ಯಾಣದ ಹತ್ತಿರದ ಸೇನಾ ಛಾವಣಿ ಉಲ್ಹಾಸನಗರವಾಯಿತು. ನಮ್ಮ ಕಡೆ ಸಿಕ್ಕದ್ದು ವಳಿವಡೆಯ ಛಾವಣಿ.

ಈ ವಳಿವಡೆಯ ಸಂಗತಿ ವಿಚಿತ್ರವಾಗಿದೆ. ಸಿಂಧಿಗಳಿಗಿಂತ ಮೊದಲು ಅಲ್ಲಿ ಇದ್ದವರು ಪೋಲೆಂಡಿನ ನಿರಾಶ್ರಿತರು. ರಷ್ಯದವರು ಸೈಬೀರಿಯಕ್ಕೆ ಅಟ್ಟಿದ್ದ ಪೋಲಿಷ್ ಕುಟುಂಬಗಳು ಇರಾನ ದಾಟಿ, ಕರಾಚಿಯ ಮೂಲಕವೇ ಬಂದು, 1943ರಿಂದ 1948ರವರೆಗೆ ಇಲ್ಲಿ ನೆಲೆಸಿದ್ದವು. ಸುಮಾರು 5000 ಜನ. ಬಹಳಷ್ಟು ಹೆಂಗಸರು, ಮಕ್ಕಳು. ಶಾಲೆ, ಇಗರ್ಜಿ, ಸಿನಿಮಾ ಎಲ್ಲ ಇದ್ದ ಒಂದು ಸಣ್ಣ ಪೋಲೆಂಡೇ ಪಂಚಗಂಗೆಯ ಬಯಲಿನಲ್ಲಿ ಎದ್ದಿತ್ತು. 2024ರ ಆಗಸ್ಟ್‌ನಲ್ಲಿ ನಮ್ಮ ಪ್ರಧಾನಮಂತ್ರಿಗಳು ವಾರ್ಸಾ ನಗರಕ್ಕೆ ಹೋದಾಗ ಅಲ್ಲಿರುವ ಕೊಲ್ಲಾಪುರದ ಸ್ಮಾರಕಕ್ಕೆ ಹೂವು ಅರ್ಪಿಸಿದ್ದು ಈ ಕಾರಣಕ್ಕೆ. ಪೋಲರು ಬಿಟ್ಟುಹೋದ ಸಾಲುಮನೆಗಳಲ್ಲಿ ಸಿಂಧಿಗಳು ಒಲೆ ಹೂಡಿದರು. ಆ ಛಾವಣಿಗೆ ಮಹಾತ್ಮರ ಹೆಸರು ಬಂತು.

ಸಿಂಧಿ ಬರಿಗೈಲೆ ಬಂದ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಮನೆ, ಹೊಲ, ಅಂಗಡಿ ಎಲ್ಲ ಅಲ್ಲೇ ಉಳಿದವು. ಆದರೆ ಅವನ ಕೈಯಲ್ಲಿ ಮೂರು ಸಂಗತಿ ಇದ್ದವು. ಒಂದು, ಸರಕಾರದ ಗುರುತು. ಅವನು ‘ನಿರ್ವಾಸಿತ’ ಎಂದು ದಾಖಲಾದ. ಛಾವಣಿಯಲ್ಲಿ ತಲೆಯ ಮೇಲೆ ಸೂರು ಸಿಕ್ಕಿತು. ನಿರ್ವಾಸಿತರ ವ್ಯಾಪಾರ, ಉದ್ಯೋಗಕ್ಕೆ ಸಾಲ ಕೊಡಲೆಂದೇ 1948ರಲ್ಲಿ ಕೇಂದ್ರ ಸರಕಾರ ಒಂದು ಸಂಸ್ಥೆ ಮಾಡಿತು. 1950ರ ಕಾಯದೆಯಂತೆ ಬಿಟ್ಟುಬಂದ ಆಸ್ತಿಯ ದಾವೆ ದಾಖಲಿಸಿದರು, 1954ರ ಕಾಯದೆಯಂತೆ ಪರಿಹಾರ ಸಿಕ್ಕಿತು. ದೊಡ್ಡ ದಾವೆಗೆ ಸಿಕ್ಕ ಪ್ರಮಾಣ ಕಡಿಮೆ, ಆಸ್ತಿಯೇ ಇಲ್ಲದ ಗುಮಾಸ್ತನಿಗೆ ಕೇಳಲು ದಾವೆಯೇ ಇರಲಿಲ್ಲ. ಆದರೂ ಬಾಗಿಲು ತಟ್ಟಲು ಒಂದು ಕಚೇರಿ ಇತ್ತು.

ಎರಡನೆಯದು ಹಳೆಯ ವ್ಯಾಪಾರದ ಬುದ್ಧಿ. ಶಿಕಾರಪುರದ ಸಾಹುಕಾರರ ಹುಂಡಿ ಮಧ್ಯ ಏಷ್ಯದವರೆಗೆ ನಡೆಯುತ್ತಿತ್ತು. ಸಿಂಧದ ಹೈದರಾಬಾದಿನ ವರ್ತಕರು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿಯೇ ಸಮುದ್ರದಾಚೆಯ ಬಂದರುಗಳಲ್ಲಿ ಅಂಗಡಿ ತೆರೆದಿದ್ದರು. ವಳಿವಡೆಗೆ ಬಂದವರೆಲ್ಲ ಅಂಥವರೆಂದು ನಾನು ಹೇಳುವುದಿಲ್ಲ. ಆದರೆ ಉದ್ರಿ ಕೊಡುವುದು, ವಸೂಲಿ ಮಾಡುವುದು, ರೂಪಾಯಿಗೆ ಒಂದಾಣೆ ಲಾಭ ಸಾಕು, ಮಾಲು ನಿಲ್ಲಬಾರದು ಎಂಬ ಪಾಠ ಆ ಮನೆಗಳಲ್ಲಿ ಊಟದ ಜೊತೆಗೆ ಬಡಿಸುತ್ತಿದ್ದರು. ಮೂರನೆಯದು, ದೇಶವೆಲ್ಲ ಚದುರಿದ ನೆಂಟರು. ಒಬ್ಬ ಉಲ್ಹಾಸನಗರದಲ್ಲಿ, ಒಬ್ಬ ಅಹಮದಾಬಾದಿನಲ್ಲಿ, ಒಬ್ಬ ಇಂದೂರಿನಲ್ಲಿ. ಚದುರಿದ್ದು ದೌರ್ಭಾಗ್ಯವೇ, ಆದರೆ ಜವಳಿ ವ್ಯಾಪಾರಕ್ಕೆ ಅದೇ ತಂತಿಮನೆಯಂತಾಯಿತು. ಎಲ್ಲಿ ಯಾವ ಮಾಲು ಅಗ್ಗ ಎಂಬ ಸುದ್ದಿ ಪೇಟೆಗಿಂತ ಮೊದಲು ಮನೆಗೆ ಬರುತ್ತಿತ್ತು.

ನೇಕಾರನ ಕೈಯಲ್ಲಿ ಇದ್ದದ್ದು ಕಸಬು ಒಂದೇ. ಅದು ಒಳ್ಳೆಯ ಕಸಬು. ಇಚಲಕರಂಜಿಯ ಸೀರೆ ಒಂದು ಕಾಲಕ್ಕೆ ಹೆಸರಾಗಿತ್ತು, ಮುಂದೆ ಪಾಪ್ಲಿನ್, ಕೇಂಬ್ರಿಕ್, ಮಲಮಲು ಬಂದವು. ಆದರೆ ಆ ಕಸಬಿಗೆ ಬೆಲೆ ಕಟ್ಟುವವನು ಬೇರೆ. ಇದರ ರಚನೆ ತಿಳಿಯದೆ ನೇಕಾರನ ಬಡತನ ತಿಳಿಯುವುದಿಲ್ಲ. ಮೇಲೆ ನೂಲಿನ ಮತ್ತು ಬಟ್ಟೆಯ ವ್ಯಾಪಾರಿ. ಅವನು ನೂಲು ಕೊಡುತ್ತಾನೆ. ನಡುವೆ ನಾಲ್ಕು, ಎಂಟು, ಹನ್ನೆರಡು ಮಗ್ಗದ ಮಾಲೀಕ. ಅವನಿಗೆ ಊರಲ್ಲಿ ‘ಖರ್ಚಿವಾಲೆ’ ಎನ್ನುತ್ತಾರೆ. ನೂಲು ಅವನದಲ್ಲ, ಬಟ್ಟೆಯೂ ಅವನದಲ್ಲ, ನೇಯ್ದುಕೊಟ್ಟ ಮಜೂರಿ ಮಾತ್ರ ಅವನದು. ಒಂದು ಇಂಚಿನಲ್ಲಿ ಹೊಕ್ಕಿನ ಎಳೆ ಎಷ್ಟು ಎಂಬುದಕ್ಕೆ ‘ಪಿಕ್ಕು’ ಎನ್ನುತ್ತಾರೆ. ಮೀಟರಿಗೆ, ಪಿಕ್ಕಿಗೆ ಇಷ್ಟು ಪೈಸೆ ಎಂದು ದರ. ಕೆಳಗೆ ಮಗ್ಗ ನಡೆಸುವ ಕಾರ್ಮಿಕ. ಅವನಿಗೂ ಮೀಟರಿನ ಲೆಕ್ಕ. ಮನೆಯಲ್ಲಿ ಹೆಂಗಸರು ಕಂಡಿಕೆ ಸುತ್ತಿದರೆ ಅದಕ್ಕೆ ಚಿಲ್ಲರೆ ಕಾಸು. ನೂಲಿನ ದರ ಏರಿದರೆ, ಬಟ್ಟೆಯ ಪೇಟೆ ಇಳಿದರೆ, ಮೊದಲು ಕಡಿತವಾಗುವುದು ಮಜೂರಿ. 2013ರ ಆರಂಭದಲ್ಲಿ ಕಾರ್ಮಿಕರು ಹೂಡಿದ ದೀರ್ಘ ಮುಷ್ಕರ ಈ ಮೀಟರಿನ ದರಕ್ಕಾಗಿಯೇ.

ಇನ್ನೊಂದು ಅಂಶ ಬ್ಯಾಂಕಿನವರಿಗೆ ಮಾತ್ರ ಕಣ್ಣಿಗೆ ಬೀಳುವಂಥದು. 1969ರ ಜುಲೈನಲ್ಲಿ ಬ್ಯಾಂಕುಗಳು ರಾಷ್ಟ್ರೀಕರಣವಾದ ಮೇಲೆ ಸಣ್ಣವರಿಗೂ ಸಾಲ ಕೊಡುವ ಕಾಲ ಬಂತು. ಮಗ್ಗದವನು ಮಗ್ಗವನ್ನೇ ತಾರಣ ಕೊಡುತ್ತಿದ್ದ. ಮಗ್ಗ ಎಂದರೆ ಕಬ್ಬಿಣ. ನಡೆಯುವಾಗ ಅನ್ನ ಕೊಡುತ್ತದೆ, ಕಂತು ನಿಂತು ಮಾರಬೇಕಾದರೆ ತೂಕದ ಬೆಲೆ. ಅಂಗಡಿಯವನ ತಾರಣ ಜವಳಿ. ದೀಪಾವಳಿ, ಲಗ್ನಸರಾಯಿ ಬಂದರೆ ತಿಂಗಳಲ್ಲಿ ರೊಕ್ಕ. ಅವನು ಬ್ಯಾಂಕಿಗೆ ಬರುವುದೇ ಕಡಿಮೆ. ತಮ್ಮತಮ್ಮೊಳಗೆ ಭಿಶಿ ನಡೆಸುತ್ತಾರೆ, ಬಾಯಿಮಾತಿನ ಮೇಲೆ ಮಾಲು ಎತ್ತುತ್ತಾರೆ. ಮಕ್ಕಳು ಪಾಲಾಗುವಾಗಲೂ ನೋಡಿರಿ: ಎಂಟು ಮಗ್ಗ ಇಬ್ಬರು ತಮ್ಮಂದಿರಿಗೆ ನಾಲ್ಕು ನಾಲ್ಕಾದರೆ ಇಬ್ಬರ ಹೊಟ್ಟೆಯೂ ತುಂಬುವುದಿಲ್ಲ. ಅಂಗಡಿಯ ಮಾಲು ಅರ್ಧ ಅರ್ಧ ಮಾಡಿದರೆ ಎದುರು ಸಾಲಿನಲ್ಲಿ ಇನ್ನೊಂದು ಅಂಗಡಿ ಏಳುತ್ತದೆ. ಸ್ವಭಾವದ ಮಾತು ಆಮೇಲೆ. ಹಣ ಯಾವ ರೂಪದಲ್ಲಿ ಕೂತಿದೆ ಎಂಬುದು ಮೊದಲು.

ನೇಕಾರರು ಕೈಕಟ್ಟಿ ಕೂತಿರಲಿಲ್ಲ. ನೂಲಿನ ವ್ಯಾಪಾರಿಯ ಹಿಡಿತ ತಪ್ಪಿಸಲು 1960ರ ದಶಕದ ಆರಂಭದಲ್ಲಿ ಇಚಲಕರಂಜಿಯಲ್ಲಿ ಡೆಕ್ಕನ್ ಸಹಕಾರಿ ನೂಲಿನ ಗಿರಣಿ ಎದ್ದಿತು. ಸಹಕಾರಿ ಬ್ಯಾಂಕುಗಳು, ಸಂಘಗಳು ಬಂದವು. ದೇವಾಂಗ ಮನೆಗಳಲ್ಲಿಯೂ ಮಗ್ಗದ ಮಾಲೀಕರಾದವರು, ಸೈಜಿಂಗ್ ಹಾಕಿದವರು, ಮಕ್ಕಳನ್ನು ಇಂಜಿನಿಯರ್ ಮಾಡಿದವರು ಇದ್ದಾರೆ. ಹಾಗೆಯೇ ಗಾಂಧಿನಗರದಲ್ಲಿ ಇನ್ನೊಬ್ಬರ ಅಂಗಡಿಯ ಗಾದಿಯ ಪಕ್ಕದಲ್ಲಿ ಥಾನು ಬಿಚ್ಚುತ್ತಲೇ ಮುಪ್ಪಾದ ಸಿಂಧಿಗಳೂ ಇದ್ದಾರೆ. ಬಸ್ತಾಕ್ಕೆ ಹೋದವರು ಗಾದಿಯ ಮೇಲೆ ಕೂತವನನ್ನು ಮಾತ್ರ ನೋಡಿ ಬರುತ್ತಾರೆ.

ಒಂದು ತಮಾಷೆ ಹೇಳದೆ ಮುಂದೆ ಹೋಗಲಾರೆ. ಇಚಲಕರಂಜಿಗೂ ಗಾಂಧಿನಗರಕ್ಕೂ ಇರುವ ಅಂತರ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಆದರೆ ಇಲ್ಲಿ ನೇಯ್ದ ಬಟ್ಟೆ ನೇರವಾಗಿ ಅಲ್ಲಿಗೆ ಹೋಗುವುದು ಅಪರೂಪ. ಕೋರಾ ಬಟ್ಟೆಯಾಗಿ ಅಹಮದಾಬಾದಿಗೋ, ರಾಜಸ್ಥಾನದ ಪಾಲಿ, ಬಾಲೋತ್ರಾಕ್ಕೋ ಹೋಗಿ, ಬಣ್ಣ ಬಳಿದುಕೊಂಡು, ಎರಡು ಮೂರು ದಲಾಲರ ಕೈ ದಾಟಿ, ತಿರುಗಿ ನಮ್ಮ ಪೇಟೆಗೆ ಬರುತ್ತದೆ. ಬನಹಟ್ಟಿಯ ನೇಕಾರನ ಮಗಳು ತಂದೆಯ ಮಗ್ಗದ ಬಟ್ಟೆಯನ್ನೇ ಗಾಂಧಿನಗರದಲ್ಲಿ ದುಡ್ಡು ಕೊಟ್ಟು ಕೊಂಡರೂ ಆಕೆಗೆ ಗೊತ್ತಾಗಲಿಕ್ಕಿಲ್ಲ.

ಊರಿನ ವಿಷಯದಲ್ಲಿ ತಕ್ಕಡಿ ಬೇರೆ ಕಡೆ ವಾಲುತ್ತದೆ. ಸಿಂಧಿಗೆ ತಿರುಗಿ ಹೋಗಲು ಊರಿಲ್ಲ. ಅಜ್ಜನ ಊರಿನ ಹೆಸರು ಉಳಿದಿದೆ, ದಾರಿ ಮುಚ್ಚಿದೆ. ನೇಕಾರ ಮಾತ್ರ ಬನಹಟ್ಟಿಯ ಕಾಡಸಿದ್ಧೇಶ್ವರ ಜಾತ್ರೆಗೆ, ಮಹಾಲಿಂಗಪುರದ ತೇರಿಗೆ ಹೋಗಿಬರುತ್ತಾನೆ. ಕಷ್ಟ ಬಂದರೆ ಊರು ಆಸರೆ. ಆದರೆ ಆ ಊರೇ ಅವನ ಗಳಿಕೆಯ ಒಂದು ಭಾಗವನ್ನು ಎಳೆಯುತ್ತದೆ: ಅಲ್ಲಿ ಮನೆಗೆ ಹೆಂಚು, ಅಣ್ಣನ ಮಗಳ ಮದುವೆ, ದೇವರ ಹರಕೆ. ಸಿಂಧಿ ತನ್ನ ರೊಕ್ಕವೆಲ್ಲ ಇದ್ದಲ್ಲಿಯೇ ಹೂಡಿದ, ಬೇರೆ ಜಾಗ ಇರಲಿಲ್ಲವಾದ್ದರಿಂದ. 1956ರ ನವೆಂಬರ್ 1ರಂದು ರಾಜ್ಯಗಳು ಮರುವಿಂಗಡಣೆಯಾದಾಗ ನೇಕಾರನ ಊರು ಮೈಸೂರಿಗೆ ಸೇರಿತು, ಮಗ್ಗ ಮುಂಬಯಿ ರಾಜ್ಯದಲ್ಲಿ ಉಳಿಯಿತು. 1960ರಲ್ಲಿ ಅದು ಮಹಾರಾಷ್ಟ್ರವಾಯಿತು. ಅಂದಿನಿಂದ ಅವನು ಭಾಷಾ ಅಲ್ಪಸಂಖ್ಯಾತ.

ಇಲ್ಲಿ ಗಡಹಿಂಗ್ಲಜದವರ ಮಾತು ಬೇರೆ ಎಂದು ಹೇಳಿಬಿಡಬೇಕು. ಹಿರಣ್ಯಕೇಶಿಯ ದಂಡೆಯ ಲಿಂಗಾಯತ ಒಕ್ಕಲಿಗರು, ಬೆಲ್ಲ ಮೆಣಸಿನಕಾಯಿಯ ವ್ಯಾಪಾರಿಗಳು ಎಲ್ಲಿಂದಲೋ ಬಂದವರಲ್ಲ. ಅವರು ಇದ್ದಲ್ಲೇ ಇದ್ದರು, ಗಡಿ ಅವರ ಪಕ್ಕಕ್ಕೆ ಬಂತು. ಅವರನ್ನೂ ಇಚಲಕರಂಜಿಯ ನೇಕಾರರನ್ನೂ ‘ಕನ್ನಡದವರು’ ಎಂದು ಒಂದೇ ಬುಟ್ಟಿಗೆ ಹಾಕಿದರೆ ಲೆಕ್ಕ ತಪ್ಪುತ್ತದೆ. ಹೊಲವಿದ್ದವನ ಕನ್ನಡ ಬೇರೆ, ಬಾಡಿಗೆ ಕೋಣೆಯವನ ಕನ್ನಡ ಬೇರೆ.

ಭಾಷೆಯ ಲೆಕ್ಕದಲ್ಲಿ ಇಬ್ಬರೂ ಕಳೆದುಕೊಂಡಿದ್ದಾರೆ. ಸಿಂಧಿಗೆ ರಾಜ್ಯವೇ ಇಲ್ಲ. ಸಂವಿಧಾನದ ಎಂಟನೆಯ ಅನುಸೂಚಿಗೆ ಅದು ಸೇರಿದ್ದು 1967ರಲ್ಲಿ. ಹಿರಿಯರು ಅರಬ್ಬಿ ಲಿಪಿಯಲ್ಲಿ ಚೋಪಡಿ ಬರೆಯುತ್ತಿದ್ದರು, ಮೊಮ್ಮಕ್ಕಳಿಗೆ ಅದು ಓದಲು ಬಾರದು. ಚೇಟಿಚಂಡ ದಿನ ಝೂಲೇಲಾಲನ ಮೆರವಣಿಗೆ ಮಾತ್ರ ಜೋರು. ಕನ್ನಡಕ್ಕೆ ಗಡಿಯಾಚೆ ಒಂದು ರಾಜ್ಯವೇ ಇದೆ, ಜತ್ತ, ಅಕ್ಕಲಕೋಟ ತಾಲೂಕುಗಳಲ್ಲಿ ಶಾಲೆಗಳಿವೆ. ಆದರೂ ಇಚಲಕರಂಜಿಯ ನೇಕಾರರ ಮಕ್ಕಳು ಮರಾಠಿಯಲ್ಲಿ ಬರೆಯುತ್ತಾರೆ, ಎಣಿಸುತ್ತಾರೆ. ಮನೆಯಲ್ಲಿ ಕನ್ನಡ ಉಳಿದಿದ್ದರೆ ಅದರ ಪುಣ್ಯ ನಮ್ಮ ಭಾಷಣಗಳಿಗೆ ಸೇರುವುದಿಲ್ಲ. ರಬಕವಿ, ತೇರದಾಳದಿಂದ ಲಗ್ನವಾಗಿ ಬಂದ ಸೊಸೆಯಂದಿರಿಗೆ ಸೇರುತ್ತದೆ. ಚೌಡೇಶ್ವರಿಯ ಹಾಡು, ಮಗುವಿನ ಜೋಗುಳ ಅವರ ಬಾಯಲ್ಲಿ ಬಂದದ್ದು. ಆ ಕಡೆಯಿಂದ ಹೆಣ್ಣು ತರುವುದು ನಿಂತ ಮನೆಗಳಲ್ಲಿ ಎರಡು ತಲೆಮಾರಿಗೆ ಕನ್ನಡ ಮುಗಿದದ್ದನ್ನು ನಾನು ಕಂಡಿದ್ದೇನೆ. ವ್ಯಾಪಾರಕ್ಕೆ ಬೇಕಾದಷ್ಟು ಕನ್ನಡವನ್ನು ಮಾತ್ರ ಗಾಂಧಿನಗರದ ಸಿಂಧಿ ಚೆನ್ನಾಗಿ ಕಲಿತಿದ್ದಾನೆ. “ಬರ್ರಿ ಅಕ್ಕಾರ, ಇಳಕಲ್ ಅಂಚಿನದು ಹೊಸಾದು ಬಂದೈತಿ” ಎನ್ನುತ್ತಾನೆ.

2016ರ ನೋಟು ರದ್ದತಿ, 2017ರ ಜುಲೈನಿಂದ ಬಟ್ಟೆಗೂ ಬಂದ ಜಿ.ಎಸ್.ಟಿ. ಇಬ್ಬರಿಗೂ ಪೆಟ್ಟು ಕೊಟ್ಟವು. ನಗದು ಉದ್ರಿಯ ಮೇಲೆ ನಿಂತ ಗಾಂಧಿನಗರದ ಪೇಟೆ ಬಿಲ್ಲು ಬರೆಯಲು ಕಲಿಯಬೇಕಾಯಿತು. ಇಚಲಕರಂಜಿಯಲ್ಲಿ ಹಳೆಯ ಮಗ್ಗಗಳನ್ನು ಗುಜರಿಗೆ ಹಾಕಿದವರು ಹಲವರು. ಲಾಳಿಯಿಲ್ಲದ ಹೊಸ ಮಗ್ಗ ತರಿಸುವಷ್ಟು ಬಂಡವಾಳ ಇದ್ದವರು ಕೆಲವರು. 2022ರಲ್ಲಿ ಊರು ಮಹಾನಗರಪಾಲಿಕೆಯಾಯಿತು. ಹಳೆಯ ನೇಕಾರರ ಮೊಮ್ಮಕ್ಕಳು ಮಗ್ಗದ ಸದ್ದೇ ಬೇಡವೆಂದು ಪುಣೆಗೆ, ಬೆಂಗಳೂರಿಗೆ ಹೋಗುತ್ತಿದ್ದಾರೆ. ಸಿಂಧಿಗಳ ಮೊಮ್ಮಕ್ಕಳಲ್ಲಿಯೂ ಗಾದಿಯ ಮೇಲೆ ಕೂಡಲು ಒಲ್ಲದವರು ಹೆಚ್ಚುತ್ತಿದ್ದಾರೆ.

ಅವರು ಬಿಟ್ಟ ಜಾಗಕ್ಕೆ ಬಂದವರು ಬಿಹಾರ, ಉತ್ತರ ಪ್ರದೇಶ, ಒಡಿಶಾದ ಹುಡುಗರು. ಒಂದು ಕೋಣೆಯಲ್ಲಿ ಏಳೆಂಟು ಜನ, ಹಗಲಿನವರು ಎದ್ದ ಹಾಸಿಗೆಯಲ್ಲಿ ರಾತ್ರಿಯವರು. 2020ರ ಲಾಕ್‌ಡೌನಿನಲ್ಲಿ ಅವರು ಊರಿಗೆ ಹೋದಾಗ ಮಗ್ಗಗಳು ಸುಮ್ಮನೆ ನಿಂತವು. ಮಹಾಲಿಂಗಪುರದಿಂದ ಬಂದವನ ಮೊಮ್ಮಗನಾದ ಮಗ್ಗದ ಮಾಲೀಕ ಈಗ ಛಠ್ ಹಬ್ಬಕ್ಕೆ ಹೋದ ಆಳುಗಳಿಗೆ ಹರಕುಮುರುಕು ಹಿಂದಿಯಲ್ಲಿ ಫೋನು ಮಾಡಿ, ಯಾವ ರೈಲಿಗೆ ಬರುತ್ತೀರಿ ಎಂದು ಕೇಳುತ್ತಾನೆ; ಮುಂಗಡ ರೊಕ್ಕ ಕಳಿಸಿದ ಮೇಲೆ ಅವರು ಟಿಕೀಟು ತೆಗೆಸುತ್ತಾರೆ.